ಅರವತ್ತು ಮಕ್ಕಳು, ಇಬ್ಬರು ಶಿಕ್ಷಕರು, ಮೂರು ಮನೆಮಾತು

ಹೆಚ್ಚುವರಿ ಶಿಕ್ಷಕರ ಪಟ್ಟಿ ಸಿದ್ಧವಾಗುವ ಸಮಯದಲ್ಲಿ ತಾಲ್ಲೂಕಿನ ಪ್ರತಿಯೊಂದು ಕಿರಿಯ ಪ್ರಾಥಮಿಕ ಶಾಲೆಯೂ ಒಂದೇ ಲೆಕ್ಕದಲ್ಲಿ ಮುಳುಗಿರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 1ರಿಂದ 5ನೇ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಮಕ್ಕಳ ಸಂಖ್ಯೆ 61 ಇದ್ದದ್ದು 59ಕ್ಕೆ ಇಳಿದರೆ ಮೂರನೆಯ ಹುದ್ದೆ ಮರುಹೊಂದಾಣಿಕೆಯ ಪಟ್ಟಿಗೆ ಸೇರುತ್ತದೆ. ಉಳಿದ ಇಬ್ಬರಲ್ಲಿ ಒಬ್ಬರು ಬಿಸಿಯೂಟ, ಸ್ಯಾಟ್ಸ್ (ವಿದ್ಯಾರ್ಥಿಗಳ ವಿವರ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ) ದಾಖಲೆ ಮತ್ತು ಸಭೆಗಳ ಹೊಣೆ ಹೊತ್ತ ಮುಖ್ಯ ಶಿಕ್ಷಕರು. ಹೀಗಾಗಿ ಐದು ತರಗತಿಗಳನ್ನು ದಿನದ ಬಹುಪಾಲು ಸಮಯ ಒಬ್ಬರೇ ನೋಡಿಕೊಳ್ಳಬೇಕಾಗುತ್ತದೆ. ಈ ಲೆಕ್ಕದಲ್ಲಿ ಪ್ರತಿ ಮಗುವೂ ಒಂದೇ ತಲೆ. ಕೇಳಿಸದ ಮಗುವೂ ಅಷ್ಟೇ, ಮನೆಯಲ್ಲಿ ಲಂಬಾಣಿ ಮಾತನಾಡುವ ಮಗುವೂ ಅಷ್ಟೇ.

ಮಲೆನಾಡಿನ ಅಂಚಿನ ತಾಲ್ಲೂಕೊಂದರಲ್ಲಿ, ಅಂಗವಿಕಲತೆಯುಳ್ಳ ಮಕ್ಕಳನ್ನು ಎಲ್ಲರ ಜೊತೆಯಲ್ಲೇ ಕಲಿಸುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕಿಯಾಗಿ ಕೆಲಸ ಮಾಡುತ್ತಿರುವ ನನಗೆ, ಈ ಎರಡು ಬಗೆಯ ಮಕ್ಕಳನ್ನು ಇಲಾಖೆಯ ಬೇರೆ ಬೇರೆ ಕಡತಗಳಲ್ಲಿ ಇಟ್ಟಿರುವುದೇ ದೊಡ್ಡ ತೊಡಕಾಗಿ ಕಾಣುತ್ತದೆ. ತರಗತಿಯಲ್ಲಿ ಇಬ್ಬರೂ ಒಂದೇ ರೀತಿ ಕಾಣುತ್ತಾರೆ: ಹಿಂದಿನ ಸಾಲಿನಲ್ಲಿ ಕೂತಿರುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುವುದಿಲ್ಲ, ಪಕ್ಕದವರ ಪುಸ್ತಕ ನೋಡಿ ಬರೆಯುತ್ತಾರೆ. ಯಾರದು ಭಾಷೆಯ ತೊಂದರೆ, ಯಾರದು ದೇಹದ ಅಥವಾ ಕಲಿಕೆಯ ತೊಂದರೆ ಎಂದು ಬೇರ್ಪಡಿಸಲು ಆ ಒಬ್ಬ ಶಿಕ್ಷಕರಿಗೆ ಪುರುಸೊತ್ತೂ ಇಲ್ಲ, ತರಬೇತಿಯೂ ಇಲ್ಲ.

ಕಾಫಿ ತೋಟದ ಲೈನ್‌ಮನೆಯಿಂದ ಬರುವ ಮೂರನೆಯ ತರಗತಿಯ ಹುಡುಗನೊಬ್ಬನ ತಂದೆತಾಯಿ ಅಸ್ಸಾಂನಿಂದ ಕೆಲಸಕ್ಕೆ ಬಂದವರು. ಕನ್ನಡ ಬಾರದ ಹುಡುಗ, ನಿಧಾನವಾಗಿ ಕಲಿಯುತ್ತಾನೆ ಎಂದು ಶಾಲೆಯವರು ನಂಬಿದ್ದರು. ಅದು ಸಹಜವಾದ ನಂಬಿಕೆಯೇ. ಅವನ ತಾಯಿಯನ್ನು ಕರೆಸಿ, ಅವನಿಗೆ ಕಾಣದಂತೆ ಹಿಂದೆ ನಿಲ್ಲಿಸಿ, ಅವರ ಮಾತಿನಲ್ಲೇ ಮೆಲ್ಲಗೆ ಕರೆಯಲು ಹೇಳಿದೆ. ಬಲಗಡೆಯಿಂದ ಕರೆದಾಗ ತಿರುಗಿದ, ಎಡಗಡೆಯಿಂದ ಎರಡು ಸಲ ಕರೆದರೂ ತಿರುಗಲಿಲ್ಲ. ಕಿವಿ ಸೋರುವುದು ವರ್ಷಗಳಿಂದ ಇತ್ತೆಂದು ತಾಯಿ ಆಮೇಲೆ ಹೇಳಿದರು. ಶ್ರವಣ ಪರೀಕ್ಷೆಗೆ ಕಳಿಸಬೇಕಾದ ಮಗು ಭಾಷೆಯ ನೆಪದಲ್ಲಿ ಮೂರನೆಯ ತರಗತಿಗೆ ಬಂದಿತ್ತು. ಇದಕ್ಕೆ ತದ್ವಿರುದ್ಧವಾಗಿ, ತಾಂಡಾದ ಹುಡುಗಿಯೊಬ್ಬಳ ಹೆಸರು ಬೌದ್ಧಿಕ ನ್ಯೂನತೆ ಶಂಕಿತರ ಪಟ್ಟಿಯಲ್ಲಿ ನನ್ನ ಕೈಗೆ ಬಂತು. ಅವಳ ಅಜ್ಜಿ ಲಂಬಾಣಿಯಲ್ಲಿ ‘ಎರಡು ಕಲ್ಲು ಆರಿಸು, ಒಂದನ್ನು ಬಿಂದಿಗೆಯ ಹಿಂದೆ ಇಡು, ಇನ್ನೊಂದನ್ನು ಟೀಚರ್‌ಗೆ ಕೊಡು’ ಎಂದಾಗ ಅವಳು ಒಂದೂ ತಪ್ಪದೆ ಮಾಡಿದಳು, ಅಂಗಡಿಯ ಚಿಲ್ಲರೆ ಲೆಕ್ಕವನ್ನೂ ಹೇಳಿದಳು. ಕನ್ನಡದಲ್ಲಿ ಕೇಳಿದ ಪ್ರಶ್ನೆಗಳಿಂದ ಅವಳ ಬುದ್ಧಿಯನ್ನು ಅಳೆಯಲಾಗಿತ್ತು.

ಕಾನೂನು ಹಿಂದೆ ಬಿದ್ದಿದೆ ಎನ್ನಲಾಗದು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವಿಕಲತೆಗಳನ್ನು ಗುರುತಿಸಿ, ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ನಡೆಸಬೇಕೆಂದು ಹೇಳಿದೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ವಿಶೇಷ ಶಿಕ್ಷಕರ ಅನುಪಾತವನ್ನು ನಿಗದಿಪಡಿಸಲು ಸೂಚಿಸಿದ ಮೇಲೆ, 2022ರಲ್ಲಿ ಕೇಂದ್ರ ಸರ್ಕಾರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನೇ ತಿದ್ದಿ, 1ರಿಂದ 5ನೇ ತರಗತಿಯಲ್ಲಿ ಅಂಗವಿಕಲತೆಯುಳ್ಳ 10 ಮಕ್ಕಳಿಗೆ ಒಬ್ಬ, 6ರಿಂದ 8ನೇ ತರಗತಿಯಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಅಧಿಸೂಚಿಸಿತು. ಆದರೂ 2025ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ, ಹುದ್ದೆಗಳನ್ನು ಗುರುತಿಸಿ ನೇಮಕಾತಿಗೆ ತೊಡಗಿ ಎಂದು ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ನಮ್ಮಲ್ಲಿ ಸದ್ಯ ಈ ಕೆಲಸವನ್ನು ಹೆಚ್ಚಾಗಿ ಮಾಡುತ್ತಿರುವ ಬಿಐಇಆರ್‌ಟಿಗಳು, ಅಂದರೆ ನನ್ನಂಥ ತಾಲ್ಲೂಕು ಮಟ್ಟದ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು, ಒಂದು ಶಾಲೆಗೆ ಸೇರಿದವರಲ್ಲ, ಇಡೀ ತಾಲ್ಲೂಕಿಗೆ ಸೇರಿದವರು. ತಪಾಸಣಾ ಶಿಬಿರ, ಯುಡಿಐಡಿ ಕಾರ್ಡಿನ (ಅಂಗವಿಕಲತೆಯ ಗುರುತಿನ ಚೀಟಿ) ಓಡಾಟ, ಸಲಕರಣೆ ವಿತರಣೆ, ಗೃಹಾಧಾರಿತ ಶಿಕ್ಷಣದ ಮನೆಭೇಟಿ ಎಲ್ಲವೂ ನಮ್ಮ ಪಾಲಿಗೇ ಬರುತ್ತವೆ. ಒಂದು ಶಾಲೆಗೆ ಮರಳಿ ಹೋಗುವ ಹೊತ್ತಿಗೆ ಹಿಂದೆ ಹೇಳಿಕೊಟ್ಟ ಚಟುವಟಿಕೆಯೂ ಮರೆತಿರುತ್ತದೆ, ಕೆಲವೊಮ್ಮೆ ಅದನ್ನು ಕೇಳಿಸಿಕೊಂಡಿದ್ದ ಅತಿಥಿ ಶಿಕ್ಷಕಿಯೂ ಬದಲಾಗಿರುತ್ತಾರೆ.

ಭಾಷೆಯ ಬದಿಯಲ್ಲಿ ಇಷ್ಟೂ ಇಲ್ಲ. ಮಾಧ್ಯಮವು ‘ಸಾಧ್ಯವಾದಷ್ಟು’ ಮಗುವಿನ ಮಾತೃಭಾಷೆಯಲ್ಲಿರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆ ಹೇಳಿ ಸುಮ್ಮನಾಗಿದೆ. ಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪ್ರಕರಣದಲ್ಲಿಯೇ ತೀರ್ಪಿತ್ತಿತು. ಪ್ರೊ. ಸುಖದೇವ್ ಥೋರಟ್ ಅವರ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯು ಕನಿಷ್ಠ 5ನೇ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮವನ್ನೂ ದ್ವಿಭಾಷಾ ಸೂತ್ರವನ್ನೂ ಶಿಫಾರಸು ಮಾಡಿದೆ. ಉರ್ದು, ಮರಾಠಿ, ತಮಿಳು, ತೆಲುಗು ಮಾಧ್ಯಮದ ಸರ್ಕಾರಿ ಶಾಲೆಗಳು ನಮ್ಮಲ್ಲಿ ಇರುವುದರಿಂದ ಆ ಮಕ್ಕಳಿಗೆ ದಾರಿಯೊಂದಿದೆ. ಲಂಬಾಣಿ, ತುಳು, ಬ್ಯಾರಿ ಮನೆಮಾತಿನ ಮಕ್ಕಳಿಗೆ ಅಂಥ ಪ್ರತ್ಯೇಕ ಶಾಲೆ ಬೇಕೆಂದು ನಾನು ವಾದಿಸುವುದಿಲ್ಲ. ಅವರು ಕನ್ನಡವನ್ನು ಬೇಗ ಕಲಿಯುತ್ತಾರೆ, ಕಲಿಯಬೇಕು ಕೂಡ. ಮೊದಲ ಎರಡು ವರ್ಷ ಅವರ ಮನೆಮಾತು ಅರಿತ ಒಬ್ಬರು ತರಗತಿಯಲ್ಲಿದ್ದರೆ ಸಾಕು, ಅವರು ಪದವೀಧರರೇ ಆಗಿರಬೇಕೆಂದಿಲ್ಲ. ತಾಂಡಾದಲ್ಲಿ ಪಿಯುಸಿ ಓದಿದ ಹೆಣ್ಣುಮಕ್ಕಳು ಈಗ ಸಾಕಷ್ಟು ಸಿಗುತ್ತಾರೆ.

ನಲಿ-ಕಲಿ ಈ ವಿಷಯದಲ್ಲಿ ನಮಗೆ ಸಿಕ್ಕಿದ್ದ ಒಳ್ಳೆಯ ಅವಕಾಶ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ಈ ಪದ್ಧತಿಯಲ್ಲಿ ಮಗು ತನ್ನ ವೇಗದಲ್ಲಿ ಚಟುವಟಿಕೆಯ ಕಾರ್ಡುಗಳನ್ನು ದಾಟಿ ‘ಕಲಿಕಾ ಏಣಿ’ಯ ಪಟದಲ್ಲಿ ಮೇಲೇರುವುದರಿಂದ, ಯಾವ ಮಗು ಎಲ್ಲಿ ನಿಂತಿತೆಂಬುದು ಗೋಡೆಯ ಮೇಲೆಯೇ ಕಾಣುತ್ತದೆ. ಗಣಿತದ ಕಾರ್ಡುಗಳಲ್ಲಿ ಸಲೀಸಾಗಿ ಮುಂದೆ ಹೋದ ಮಗು ಕನ್ನಡದ ಕಾರ್ಡುಗಳಲ್ಲಿ ಮಾತ್ರ ತಡೆದಿದ್ದರೆ ಮೊದಲು ಭಾಷೆಯ ಕಡೆ ನೋಡುತ್ತೇನೆ, ಎರಡರಲ್ಲೂ ತಡೆದಿದ್ದರೆ ಕಣ್ಣು, ಕಿವಿ, ಆಮೇಲೆ ಕಲಿಕಾ ನ್ಯೂನತೆ. ಇದು ಕೊನೆಯ ತೀರ್ಮಾನವಲ್ಲ, ಯಾರನ್ನು ಎಲ್ಲಿಗೆ ಕಳಿಸಬೇಕೆಂಬುದರ ಮೊದಲ ಸುಳಿವು ಮಾತ್ರ.

ಆದ್ದರಿಂದ ರಾಜ್ಯದ ನೀತಿ ಕಾರ್ಯರೂಪಕ್ಕೆ ಬರುವಾಗ ಮೊದಲು ತಿದ್ದಬೇಕಾದದ್ದು ನಮೂನೆಗಳನ್ನು. ವಿಶೇಷ ಅಗತ್ಯದ ಮಕ್ಕಳನ್ನು ಗುರುತಿಸುವ ನಮೂನೆಯಲ್ಲಿ ಮಗುವಿನ ಮನೆಮಾತು ಯಾವುದು, ಆ ಮಾತಿನಲ್ಲಿ ಪರೀಕ್ಷಿಸಲಾಗಿದೆಯೇ ಎಂಬ ಎರಡು ಕಲಂಗಳು ಇರಬೇಕು, ಎರಡನೆಯದಕ್ಕೆ ‘ಹೌದು’ ಎಂದಾಗದ ಹೊರತು ಬೌದ್ಧಿಕ ನ್ಯೂನತೆಯ ಶಂಕೆಯನ್ನು ದಾಖಲಿಸಬಾರದು. ಹುದ್ದೆಗಳ ಲೆಕ್ಕದಲ್ಲಿ ವಿಶೇಷ ಅಗತ್ಯದ ಮಗುವನ್ನೂ ಮೊದಲೆರಡು ತರಗತಿಯ ಅನ್ಯ ಮನೆಮಾತಿನ ಮಗುವನ್ನೂ ಒಂದಕ್ಕಿಂತ ಹೆಚ್ಚಾಗಿ ಎಣಿಸಬೇಕು. ಹೆಚ್ಚು ಎಂದರೆ ಎಷ್ಟು ಎಂಬುದನ್ನು ಹಣಕಾಸು ಇಲಾಖೆ ಚೌಕಾಸಿ ಮಾಡಲಿ. ಒಂದೂವರೆ ಎಂದು ಒಪ್ಪಿದರೂ 59 ಮಕ್ಕಳ ಶಾಲೆಯಲ್ಲಿ ಅಂಥ ನಾಲ್ವರಿದ್ದರೆ ಲೆಕ್ಕ 61 ಆಗಿ, ಮೂರನೆಯ ಶಿಕ್ಷಕರು ಆ ಶಾಲೆಯಲ್ಲೇ ಉಳಿಯುತ್ತಾರೆ.