ಕ್ಲಮೈಡಿಯಾ ಹುಡುಕುವ ಆಂಟಿಬಾಡಿ ಹಿಡಿಯುವುದು ಯಾವುದನ್ನು?

ಕ್ಲಮೈಡಿಯಾ ಬೇರೆ ಜೀವಕೋಶದ ಒಳಗಷ್ಟೇ ಬೆಳೆಯುವ ಬ್ಯಾಕ್ಟೀರಿಯಾ. ಅಗರ್ ತಟ್ಟೆಯಲ್ಲಿ ಅದು ಬೆಳೆಯದು. ಸೋಂಕು ಹರಡುವ ರೂಪದಲ್ಲಿ ಗಾತ್ರ ಸುಮಾರು 0.3 ಮೈಕ್ರಾನ್. 1907ರಲ್ಲಿ ಜಾವಾದಲ್ಲಿ ಹಾಲ್ಬರ್‌ಸ್ಟೆಟರ್ ಮತ್ತು ಪ್ರೊವಾಜೆಕ್, ಟ್ರಕೋಮಾ ಎಂಬ ಕಣ್ಣಿನ ರೋಗ ತಗುಲಿದ ಕೋಶಗಳಲ್ಲಿ ಅದರ ಗುಂಪುಗಳನ್ನು ಕಂಡದ್ದು ಗೀಮ್ಸಾ ಬಣ್ಣ ಹಾಕಿ. ಬೀಜಿಂಗ್‌ನ ಟಾಂಗ್ ಫೈಫಾನ್ ತಂಡ ಟ್ರಕೋಮಾ ಬ್ಯಾಕ್ಟೀರಿಯಾವನ್ನು ಕೋಳಿಭ್ರೂಣದ ಹಳದಿ ಚೀಲದಲ್ಲಿ ಬೆಳೆಸಿ 1957ರಲ್ಲಿ ವರದಿ ಮಾಡಿತು. ಅಲ್ಲಿಂದ ಮುಂದೆ ಆಂಟಿಬಾಡಿ (ಒಂದು ಗುರಿಯನ್ನು ಗುರುತಿಸಿ ಅಂಟಲು ದೇಹ ತಯಾರಿಸುವ ಪ್ರೋಟೀನ್) ಕೆಲಸಕ್ಕೆ ಬೇಕಾದ ಸರಕು, ಅಂದರೆ ಬ್ಯಾಕ್ಟೀರಿಯಾ, ಸಿಗತೊಡಗಿತು.

1970ರ ಹೊತ್ತಿಗೆ ಸಿಯಾಟಲ್‌ನ ವಾಂಗ್ ಮತ್ತು ಗ್ರೇಸ್ಟನ್ ಆ ಸರಕನ್ನು ಪೆನ್ನಿನ ನಿಬ್ಬಿನಿಂದ ಗಾಜಿನ ಸ್ಲೈಡ್ ಮೇಲೆ ಸಣ್ಣ ಚುಕ್ಕಿಗಳಾಗಿ ಇಟ್ಟರು. ಮೇಲೆ ಸೀರಮ್ (ರಕ್ತದ ಆಂಟಿಬಾಡಿಗಳಿರುವ ತಿಳಿ ದ್ರವ) ಹಾಕಿ, ಅಂಟಿದ ಆಂಟಿಬಾಡಿಯನ್ನು ಹಿಡಿಯುವ, ಹೊಳೆಯುವ ಎರಡನೇ ಆಂಟಿಬಾಡಿ ಸೇರಿಸಿ, ಯಾವ ಚುಕ್ಕಿ ಹೊಳೆಯುತ್ತದೆಂದು ನೋಡುವ ಪರೀಕ್ಷೆ ಅದು. ಎ, ಬಿ, ಸಿ, ಎಲ್1, ಎಲ್2 ಎಂಬ ಸೀರೋವಾರ್ (ಆಂಟಿಬಾಡಿಯಿಂದ ಗುರುತಿಸುವ ಉಪವಿಧ) ವಿಂಗಡಣೆ ಗಟ್ಟಿಯಾದದ್ದು ಈ ಚುಕ್ಕಿಗಳಿಂದಲೇ.

ಆದರೆ ಪ್ರಾಣಿಗಳಿಂದ ತೆಗೆದ ಸೀರಮ್‌ಗೆ ಒಂದು ತೊಡಕಿತ್ತು. ಚುಚ್ಚಿದ ಬ್ಯಾಕ್ಟೀರಿಯಾದ ಜೊತೆ ಅದು ಬೆಳೆದ ಕೋಶದ ಚೂರುಗಳೂ ಹೋಗುತ್ತವೆ. ಅವಕ್ಕೂ ಆಂಟಿಬಾಡಿ ಹುಟ್ಟುತ್ತದೆ. ಹಾಗಾಗಿ ಸೋಂಕಿಲ್ಲದ ಕೋಶಗಳ ಜೊತೆ ಸೀರಮ್ ಬೆರೆಸಿಟ್ಟು, ಅಂಟಿಕೊಂಡದ್ದನ್ನು ಸೆಂಟ್ರಿಫ್ಯೂಜ್ ಮಾಡಿ ತೆಗೆಯದೆ ಬಳಸುವಂತಿಲ್ಲ. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಮೊನೊಕ್ಲೋನಲ್ ವಿಧಾನ, ಅಂದರೆ ಒಂದೇ ಗುರಿಗೆ ಅಂಟುವ ಒಂದೇ ಬಗೆಯ ಆಂಟಿಬಾಡಿ ತಯಾರಿಸುವ ವಿಧಾನ, ತೋರಿಸಿದರು. 1982ರಲ್ಲಿ ಸ್ಟೀಫನ್ಸ್ ಮತ್ತು ಸಂಗಡಿಗರು ಕ್ಲಮೈಡಿಯಾ ಟ್ರಕೋಮ್ಯಾಟಿಸ್‌ಗೆ ಅಂಥ ಆಂಟಿಬಾಡಿಗಳನ್ನು ತಯಾರಿಸಿದರು.

ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಗುರಿಗಳು ಎರಡು. ಒಂದು, ಹೊರಪೊರೆಯ ಮುಖ್ಯ ಪ್ರೋಟೀನ್ ಮೋಂಪ್, ಸುಮಾರು 40 ಕಿಲೋಡಾಲ್ಟನ್. ಇದರ ಆಂಟಿಬಾಡಿ ಪ್ರತಿ ಕಣದ ಮೇಲೂ ಸಮನಾಗಿ, ಚೂಪಾಗಿ ಹೊಳೆಯುತ್ತದೆ. ಇನ್ನೊಂದು ಎಲ್‌ಪಿಎಸ್, ಹೊರಪೊರೆಯಲ್ಲಿರುವ ಕೊಬ್ಬು ಮತ್ತು ಸಕ್ಕರೆಯ ಅಣು. ಇದರ ಆಂಟಿಬಾಡಿ ಎಲ್ಲ ಕ್ಲಮೈಡಿಯಾ ಪ್ರಭೇದಗಳನ್ನೂ ಹಿಡಿಯುತ್ತದೆ, ಆದರೆ ಬಣ್ಣ ಒಂದೇ ಸಮ ಬರುವುದಿಲ್ಲ, ಕಣದ ಆಚೆಗೂ ಹರಡಿದಂತೆ ಕಾಣುತ್ತದೆ. ಕೆಲವು ಎಲ್‌ಪಿಎಸ್ ಆಂಟಿಬಾಡಿಗಳು ಅಸಿನೆಟೋಬ್ಯಾಕ್ಟರ್‌ನಂಥ ಬೇರೆ ಬ್ಯಾಕ್ಟೀರಿಯಾಕ್ಕೂ ಅಂಟುತ್ತವೆ. ಸ್ಟ್ಯಾಫಿಲೊಕಾಕಸ್ ಆರಿಯಸ್‌ನ ಕಥೆ ಬೇರೆ: ಅದರ ಪ್ರೋಟೀನ್ ಎ ಆಂಟಿಬಾಡಿಯ ಬಾಲವನ್ನೇ ಹಿಡಿದುಕೊಳ್ಳುವುದರಿಂದ ಗುರಿ ಯಾವುದಾದರೂ ಸುಳ್ಳು ಹೊಳಪು ಬರಬಹುದು.

ಆಂಟಿಬಾಡಿ ಸರಿಯಿದ್ದೂ ಉತ್ತರ ತಪ್ಪಾಗುವುದು ಇನ್ನೂ ಅಪಾಯ. ಕ್ಲಮೈಡಿಯಾದ ಸಿಪ್ಯಾಫ್ ಎಂಬ ಕಿಣ್ವವನ್ನು 2001ರಲ್ಲಿ ಗುರುತಿಸಿದ ಮೇಲೆ, ಅದು ಸೋಂಕಿನ ವೇಳೆ ಆತಿಥೇಯ ಕೋಶದ (ಬ್ಯಾಕ್ಟೀರಿಯಾ ಹೊಕ್ಕ ಕೋಶದ) ಹತ್ತಾರು ಪ್ರೋಟೀನ್‌ಗಳನ್ನು ಕತ್ತರಿಸುತ್ತದೆ ಎಂದು ವೆಸ್ಟರ್ನ್ ಬ್ಲಾಟ್‌ಗಳು (ಪ್ರೋಟೀನ್‌ಗಳನ್ನು ಗಾತ್ರದಂತೆ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ತೋರಿಸುತ್ತ ಬಂದವು. 2012ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ತಂಡ ಅದೇ ಕೋಶಗಳನ್ನು 8 ಮೋಲಾರ್ ಯೂರಿಯಾದಲ್ಲಿ ಒಡೆದಾಗ, ಪರೀಕ್ಷಿಸಿದ ಪ್ರೋಟೀನ್‌ಗಳು ಇಡಿಯಾಗಿ ಸಿಕ್ಕವು. ಸೌಮ್ಯ ಡಿಟರ್ಜೆಂಟ್‌ನಲ್ಲಿ ಕೋಶ ಒಡೆದ ಕೂಡಲೇ ಕಿಣ್ವ ಟ್ಯೂಬಿನೊಳಗೆ ಕೆಲಸ ಶುರುಮಾಡುತ್ತಿತ್ತು. ಬ್ಲಾಟ್‌ನಲ್ಲಿ ಕಂಡ ತುಂಡುಗಳು ಅದರ ಫಲ. ಐಸ್ ಮೇಲಿಟ್ಟರೂ ಪ್ರಯೋಜನವಿಲ್ಲ. ಯೂರಿಯಾ ಅಥವಾ ಬಿಸಿ ಎಸ್‌ಡಿಎಸ್ ಎಂಬ ಪ್ರಬಲ ಡಿಟರ್ಜೆಂಟ್ ಕಿಣ್ವವನ್ನು ತಕ್ಷಣ ಕೆಡಿಸುತ್ತದೆ.

ಸೂಕ್ಷ್ಮದರ್ಶಕದ ಕೆಲಸದಲ್ಲೂ ಹೀಗೇ. ಕೋಶಗಳನ್ನು ರಾಸಾಯನಿಕದಿಂದ ಸ್ಥಿರಗೊಳಿಸುವಾಗಲೇ ಆತಿಥೇಯ ಪ್ರೋಟೀನ್‌ಗಳು ಬ್ಯಾಕ್ಟೀರಿಯಾ ಇರುವ ಗುಳ್ಳೆಯೊಳಗೆ ನುಗ್ಗಬಲ್ಲವು ಎಂದು 2015ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಆದ್ದರಿಂದ ತಣ್ಣನೆಯ ಮೆಥನಾಲ್‌ನಲ್ಲಿ 10 ನಿಮಿಷ ಇಟ್ಟ ಸ್ಲೈಡ್ ಒಂದನ್ನೇ ನಂಬಬಾರದು. ಸಾಧ್ಯವಾದರೆ ಜೀವಂತ ಕೋಶದಲ್ಲಿ ಹೊಳೆಯುವ ಪ್ರೋಟೀನ್ ಇಟ್ಟು ನೋಡಬೇಕು. ಸೋಂಕಿಲ್ಲದ ಕೋಶಗಳ ಸ್ಲೈಡ್ ಒಂದು, ಎರಡನೇ ಆಂಟಿಬಾಡಿ ಮಾತ್ರ ಹಾಕಿದ ಸ್ಲೈಡ್ ಒಂದು, ಪ್ರತಿ ಸಲವೂ ಪಕ್ಕದಲ್ಲಿರಲೇಬೇಕು.