ನೆಟ್‌ವರ್ಕ್ ಕೇಬಲ್‌ನಲ್ಲೇ ರಾಸ್ಪ್‌ಬೆರಿ ಪೈಗೆ ಕರೆಂಟ್ ಕೊಡಬಹುದೇ?

ಪ್ರಶ್ನೆ: ಮನೆಯಿಂದ ಸುಮಾರು 40 ಮೀಟರ್ ದೂರದಲ್ಲಿ, ಅಡಿಕೆ ಅಂಗಳದ ಪಕ್ಕದ ಶೆಡ್ಡಿನಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಇಟ್ಟು, ಅದಕ್ಕೆ ಮಳೆಮಾಪಕ ಮತ್ತು ಕ್ಯಾಮೆರಾ ಜೋಡಿಸಬೇಕೆಂದಿದ್ದೇನೆ. ಅಲ್ಲಿಗೆ ಹೇಗೂ ನೆಟ್‌ವರ್ಕ್ ಕೇಬಲ್ ಎಳೆಯಬೇಕು. ಅದೇ ಕೇಬಲ್‌ನಲ್ಲಿ ಕರೆಂಟನ್ನೂ ಕಳುಹಿಸಬಹುದೇ? ಪೈ ಸುಟ್ಟುಹೋಗುವುದಿಲ್ಲವೇ?

ಉತ್ತರ: ಕಳುಹಿಸಬಹುದು. ಸರಿಯಾದ ಸಾಮಾನು ಕೊಂಡರೆ ಸುಡುವುದಿಲ್ಲ. ಕೇಬಲ್‌ನ ಎರಡೂ ತುದಿಯಲ್ಲಿರುವ ಉಪಕರಣಗಳ ಮೇಲೆ 802.3ಎಎಫ್ ಅಥವಾ 802.3ಎಟಿ ಎಂಬ ಸಂಖ್ಯೆ ಸ್ಪಷ್ಟವಾಗಿ ಅಚ್ಚಾಗಿರಬೇಕು. ಪೆಟ್ಟಿಗೆಯ ಮೇಲೆ 'ಪಿಒಇ' (ಪವರ್ ಓವರ್ ಈಥರ್ನೆಟ್, ಅಂದರೆ ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್) ಎಂಬ ಮೂರಕ್ಷರ ಮಾತ್ರ ಇದ್ದರೆ ಅದನ್ನು ನಂಬಬೇಡಿ. ಈ ಹಟ ಏಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಇದೇ ಪ್ರಶ್ನೆಯನ್ನು ಹಲವರು ಹಲವು ರೀತಿಯಲ್ಲಿ ಕೇಳುತ್ತಾರೆ, ಮತ್ತು ಹೆಚ್ಚಿನವರು ಎಡವುವುದು ಈ ಒಂದೇ ಜಾಗದಲ್ಲಿ.

ಮೊದಲು ಎಲ್ಲರಿಗೂ ಹೊಳೆಯುವ ಉಪಾಯವನ್ನೇ ನೋಡೋಣ. ಪೈಗೆ ಬೇಕಾದದ್ದು 5 ವೋಲ್ಟ್. ನೆಟ್‌ವರ್ಕ್ ಕೇಬಲ್‌ನಲ್ಲಿ ಎಂಟು ತಂತಿಗಳಿವೆ. 100 ಮೆಗಾಬಿಟ್ ವೇಗಕ್ಕೆ ನಾಲ್ಕು ಸಾಕು. ಉಳಿದ ನಾಲ್ಕರಲ್ಲಿ ಎರಡನ್ನು ಪ್ಲಸ್‌ಗೆ, ಎರಡನ್ನು ಮೈನಸ್‌ಗೆ ಸೇರಿಸಿ ಮೊಬೈಲ್ ಚಾರ್ಜರ್‌ನ 5 ವೋಲ್ಟನ್ನೇ ಆ ಕಡೆಗೆ ಕಳುಹಿಸಿದರೆ ಆಯಿತಲ್ಲವೇ? ನಾನೂ ಹಾಗೆಯೇ ಮಾಡಿದ್ದೆ. ಮೇಜಿನ ಮೇಲೆ ಎರಡು ಮೀಟರ್ ತುಂಡು ಕೇಬಲ್‌ನಲ್ಲಿ ಎಲ್ಲವೂ ಚೆನ್ನಾಗಿ ನಡೆಯಿತು. ತಾರಸಿಗೆ ಉದ್ದದ ಕೇಬಲ್ ಎಳೆದು ಜೋಡಿಸಿದಾಗ ಪೈ ಮೇಲಿನ ಕೆಂಪು ದೀಪ ಮಿಣಮಿಣ ಎಂದಿತು, ಆರಿತು, ಮತ್ತೆ ಹತ್ತಿತು. ಪೈ ಅರ್ಧ ಎದ್ದು ಮತ್ತೆ ಮೊದಲಿನಿಂದ ಏಳುವುದು, ಹೀಗೆ ರಾತ್ರಿಯಿಡೀ. ಬೆಳಗಾಗುವಷ್ಟರಲ್ಲಿ ಮೆಮೊರಿ ಕಾರ್ಡ್ ಓದಲಾಗದಂತೆ ಕೆಟ್ಟಿತ್ತು.

ಏನಾಗಿತ್ತು ಎಂಬುದನ್ನು ನಿಮ್ಮ 40 ಮೀಟರ್‌ಗೇ ಲೆಕ್ಕ ಹಾಕಿ ತೋರಿಸುತ್ತೇನೆ. ಕ್ಯಾಟ್ 5ಇ ಕೇಬಲ್‌ನ ಒಂದು ತಾಮ್ರದ ತಂತಿಗೆ 100 ಮೀಟರ್‌ಗೆ ಸುಮಾರು 9 ಓಮ್ ರೋಧವಿರುತ್ತದೆ. 40 ಮೀಟರ್‌ಗೆ 3.6 ಓಮ್. ಎರಡು ತಂತಿ ಜೋಡಿಸಿದರೆ ಅದು ಅರ್ಧವಾಗಿ 1.8. ಆದರೆ ಕರೆಂಟ್ ಹೋಗಿ ಬರಬೇಕು, ಹಾಗಾಗಿ ಮತ್ತೆ 3.6 ಓಮ್. ಪೈ ಒಂದು ಆಂಪಿಯರ್ ಎಳೆಯಲು ಹೊರಟಿತು ಎನ್ನಿ: ದಾರಿಯಲ್ಲೇ 3.6 ವೋಲ್ಟ್ ಸೋರಿಹೋಗುತ್ತದೆ. ನೀವು ಕಳುಹಿಸಿದ 5 ವೋಲ್ಟ್‌ನಲ್ಲಿ ಶೆಡ್ ತಲುಪುವುದು 1.4 ವೋಲ್ಟ್. ಪೈ ಮಾತ್ರ 4.63 ವೋಲ್ಟ್‌ಗಿಂತ ಕೆಳಗೆ ಹೋದ ಕೂಡಲೇ ಕರೆಂಟ್ ಸಾಲದು ಎಂದು ದೂರುತ್ತದೆ. ಪರದೆ ಜೋಡಿಸಿದ್ದರೆ ಮೂಲೆಯಲ್ಲಿ ಪುಟ್ಟದೊಂದು ಮಿಂಚಿನ ಗುರುತು ಕಾಣಿಸುತ್ತದೆ.

ಈಗ ಅಷ್ಟೇ ಶಕ್ತಿಯನ್ನು 48 ವೋಲ್ಟ್‌ನಲ್ಲಿ ಕಳುಹಿಸೋಣ. ಪೈ ಬಳಸುವುದು 5 ವ್ಯಾಟ್, ಆ ತುದಿಯಲ್ಲಿ 48 ಅನ್ನು 5ಕ್ಕೆ ಇಳಿಸುವಾಗ ಒಂದು ವ್ಯಾಟ್ ಹಾಳಾಗುತ್ತದೆ ಎಂದುಕೊಂಡರೂ ಒಟ್ಟು 6 ವ್ಯಾಟ್. ಕೇಬಲ್‌ನಲ್ಲಿ ಹರಿಯುವುದು ಕೇವಲ 0.125 ಆಂಪಿಯರ್. ಸೋರುವುದು 0.45 ವೋಲ್ಟ್. 48ರಲ್ಲಿ ಅರ್ಧ ವೋಲ್ಟ್ ಹೋದರೆ ಯಾರಿಗೂ ನಷ್ಟವಿಲ್ಲ. ಅದೇ ಕೇಬಲ್, ಅದೇ ದೂರ, ಅದೇ ಪೈ. ವೋಲ್ಟೇಜ್ ಮಾತ್ರ ಬೇರೆ. ಊರಿಂದೂರಿಗೆ ವಿದ್ಯುತ್ ಸಾಗಿಸಲು ಲಕ್ಷಾಂತರ ವೋಲ್ಟ್‌ನ ಲೈನ್ ಎಳೆದು, ಮನೆ ಹತ್ತಿರ ಬಂದ ಮೇಲೆ 230ಕ್ಕೆ ಇಳಿಸುವುದೂ ಇದೇ ಕಾರಣಕ್ಕೆ.

ಈ 48 ಹೊಸ ಸಂಖ್ಯೆಯೇನೂ ಅಲ್ಲ. ಮನೆಯಲ್ಲಿ ಲ್ಯಾಂಡ್‌ಲೈನ್ ಇದ್ದ ಕಾಲವನ್ನು ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಊರಿಗೆ ಊರೇ ಕತ್ತಲಾಗಿದ್ದರೂ ಫೋನ್ ರಿಂಗಾಗುತ್ತಿತ್ತು. ಎಕ್ಸ್‌ಚೇಂಜ್‌ನ ಬ್ಯಾಟರಿ ಕೋಣೆಯಿಂದ 48 ವೋಲ್ಟ್ ಅದೇ ಎರಡು ತಂತಿಗಳಲ್ಲಿ ಮಾತಿನ ಜೊತೆಗೇ ಬರುತ್ತಿತ್ತು. ಮುಂದೆ ಕಚೇರಿಗಳಲ್ಲಿ ಫೋನ್‌ಗಳು ನೆಟ್‌ವರ್ಕ್ ಕೇಬಲ್‌ಗೆ ಬದಲಾದಾಗ, ಪ್ರತಿ ಮೇಜಿಗೂ ಒಂದೊಂದು ಅಡಾಪ್ಟರ್ ಬೇಡವೆಂದು ಆ ಹಳೆಯ ಪದ್ಧತಿಯನ್ನೇ ಈಥರ್ನೆಟ್‌ಗೂ ತಂದರು. 2003ರಲ್ಲಿ ಐಇಇಇ ಸಂಸ್ಥೆ 802.3ಎಎಫ್ ಎಂಬ ಮಾನದಂಡ ಹೊರಡಿಸಿತು: ಕಳುಹಿಸುವ ತುದಿಯಲ್ಲಿ 15.4 ವ್ಯಾಟ್, 100 ಮೀಟರ್ ದಾಟಿ ತಲುಪುವ ತುದಿಯಲ್ಲಿ 12.95 ವ್ಯಾಟ್ ಖಾತರಿ. 2009ರ 802.3ಎಟಿ ಅದನ್ನು 30 ಮತ್ತು 25.5 ವ್ಯಾಟ್‌ಗೆ ಏರಿಸಿತು. 2018ರಲ್ಲಿ ಬಂದ 802.3ಬಿಟಿ 90 ವ್ಯಾಟ್‌ವರೆಗೂ ಹೋಗುತ್ತದೆ, ನಮಗೆ ಅದು ಬೇಡ.

ಒಂದೇ ತಂತಿಯಲ್ಲಿ ಮಾಹಿತಿಯೂ ಕರೆಂಟೂ ಹರಿದರೆ ಒಂದಕ್ಕೊಂದು ಕಲಸಿಹೋಗುವುದಿಲ್ಲವೇ ಎಂಬ ಸಂಶಯ ಸಹಜ. ಕಲಸುವುದಿಲ್ಲ. ಈಥರ್ನೆಟ್‌ನಲ್ಲಿ ಮಾಹಿತಿ ಇರುವುದು ಜೋಡಿಯ ಎರಡು ತಂತಿಗಳ ನಡುವಿನ ವ್ಯತ್ಯಾಸದಲ್ಲಿ. ಕರೆಂಟನ್ನು ಎರಡೂ ತಂತಿಗಳಿಗೆ ಸಮನಾಗಿ ಏರಿಸುತ್ತಾರೆ. ತಕ್ಕಡಿಯನ್ನು ನೆಲದಲ್ಲಿಟ್ಟರೂ ಅಟ್ಟದ ಮೇಲಿಟ್ಟರೂ ಮುಳ್ಳು ತೋರಿಸುವುದು ಎರಡು ತಟ್ಟೆಗಳ ವ್ಯತ್ಯಾಸವನ್ನೇ, ಇಲ್ಲಿಯೂ ಹಾಗೆ. ಪೋರ್ಟ್‌ನ ಒಳಗಿರುವ ಪುಟ್ಟ ಟ್ರಾನ್ಸ್‌ಫಾರ್ಮರ್‌ನ ಸುರುಳಿಯ ನಟ್ಟನಡುವಿನಿಂದ ಕರೆಂಟನ್ನು ಒಳಬಿಟ್ಟು, ಆ ತುದಿಯಲ್ಲೂ ನಟ್ಟನಡುವಿನಿಂದಲೇ ತೆಗೆಯುತ್ತಾರೆ. ಹಾಗಾಗಿ ಎಂಟೂ ತಂತಿಗಳನ್ನು ಬಳಸುವ ಗಿಗಾಬಿಟ್‌ನಲ್ಲಿಯೂ ಕರೆಂಟ್‌ಗೆ ಜಾಗವಿದೆ.

ಇನ್ನು ನಿಮ್ಮ ಭಯದ ವಿಷಯ. 48 ವೋಲ್ಟ್ ಇರುವ ಕೇಬಲನ್ನು ಅಪ್ಪಿತಪ್ಪಿ ಲ್ಯಾಪ್‌ಟಾಪ್‌ಗೆ ಚುಚ್ಚಿದರೆ? ಈ ಮಾನದಂಡ ನನಗೆ ತುಂಬ ಮೆಚ್ಚುಗೆಯಾಗುವುದು ಇಲ್ಲಿಯೇ. ಖಾಲಿ ಪೋರ್ಟ್‌ನಲ್ಲಿ 48 ವೋಲ್ಟ್ ಇರುವುದೇ ಇಲ್ಲ. ನೀವು ಕೇಬಲ್ ಚುಚ್ಚಿದ ಮೇಲೆ ಸ್ವಿಚ್ (ಕೇಬಲ್‌ಗಳು ಬಂದು ಸೇರುವ, ಕರೆಂಟ್ ಕಳುಹಿಸುವ ನೆಟ್‌ವರ್ಕ್ ಡಬ್ಬಿ) ಮೊದಲು 3ರಿಂದ 10 ವೋಲ್ಟ್‌ನೊಳಗೆ ಎರಡು ಸಣ್ಣ ವೋಲ್ಟೇಜ್‌ಗಳನ್ನು ಕೊಟ್ಟು, ಪ್ರತಿ ಬಾರಿ ಎಷ್ಟು ಹರಿಯಿತು ಎಂದು ಅಳೆಯುತ್ತದೆ. ಬಾಗಿಲು ತೆರೆಯುವ ಮುನ್ನ ಒಳಗಿನಿಂದಲೇ 'ಯಾರದು?' ಎಂದು ಕೇಳಿದಂತೆ. ಪಿಒಇಗೆಂದೇ ತಯಾರಾದ ಉಪಕರಣದೊಳಗೆ ಸುಮಾರು 25,000 ಓಮ್‌ನ ಗುರುತಿನ ರೋಧಕವಿರುತ್ತದೆ. 10 ವೋಲ್ಟ್ ಕೊಟ್ಟರೆ ಅದರಲ್ಲಿ ಹರಿಯುವುದು 0.4 ಮಿಲಿಆಂಪಿಯರ್, ಇರುವೆ ಕಚ್ಚಿದಷ್ಟೂ ಅಲ್ಲ. ಆ ಲೆಕ್ಕ ಕೂಡಿಬಂದರೆ ಮಾತ್ರ ಸ್ವಿಚ್ ಮುಂದುವರಿಯುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಆ ಗುರುತಿಲ್ಲ, ಹಾಗಾಗಿ ಅದಕ್ಕೆ ಕರೆಂಟ್ ಹೋಗುವುದಿಲ್ಲ, ಮಾಹಿತಿ ಮಾತ್ರ ಹೋಗುತ್ತದೆ.

ಗುರುತು ಸಿಕ್ಕ ಮೇಲೆ ವೋಲ್ಟೇಜನ್ನು 15ರಿಂದ 20ರ ಆಸುಪಾಸಿಗೆ ಏರಿಸಿ 'ನಿನಗೆ ಎಷ್ಟು ಬೇಕು?' ಎಂದು ಕೇಳುತ್ತದೆ. ಉಪಕರಣ ಆಗ ಎಳೆಯುವ ಮಿಲಿಆಂಪಿಯರ್‌ಗಳೇ ಉತ್ತರ. ಒಂದನೇ ವರ್ಗವೆಂದರೆ 3.84 ವ್ಯಾಟ್ ಸಾಕು, ಎರಡನೆಯದೆಂದರೆ 6.49, ಮೂರನೆಯದೆಂದರೆ 12.95. ಇಷ್ಟಾದ ಮೇಲೆಯೇ ಪೂರ್ತಿ 48 ವೋಲ್ಟ್ ಬರುವುದು. ಕೇಬಲ್ ಕಿತ್ತರೆ? ಸುಮಾರು 10 ಮಿಲಿಆಂಪಿಯರ್‌ನಷ್ಟಾದರೂ ಹರಿಯುತ್ತಿಲ್ಲ ಎಂದು ಗೊತ್ತಾದ ಅರ್ಧ ಸೆಕೆಂಡಿನೊಳಗೆ ಸ್ವಿಚ್ ಕರೆಂಟ್ ನಿಲ್ಲಿಸಿ, ಮತ್ತೆ 'ಯಾರದು?' ಎಂಬಲ್ಲಿಗೆ ಮರಳುತ್ತದೆ.

ಈಗ ನನ್ನ ಹಟಕ್ಕೆ ಬರುತ್ತೇನೆ. ಮಾರುಕಟ್ಟೆಯಲ್ಲಿ 'ಪ್ಯಾಸಿವ್ ಪಿಒಇ' ಎಂಬ ಇನ್ನೊಂದು ಜಾತಿಯಿದೆ. ತಾರಸಿಯ ಮೇಲೆ ಕೂರಿಸುವ ವೈರ್‌ಲೆಸ್ ಇಂಟರ್ನೆಟ್ ಡಬ್ಬಿಗಳ ಜೊತೆ ಬರುವ 24 ವೋಲ್ಟ್‌ನ ಕಪ್ಪು ಅಡಾಪ್ಟರ್ ಬಹುಪಾಲು ಇದೇ. ಅದು ಏನನ್ನೂ ಕೇಳುವುದಿಲ್ಲ. ಚುಚ್ಚಿದ ಕ್ಷಣದಿಂದ ಕರೆಂಟ್ ಬಿಡುತ್ತಲೇ ಇರುತ್ತದೆ. ಅದಕ್ಕೆಂದೇ ತಯಾರಾದ ಡಬ್ಬಿಗೆ ಅದು ಸರಿ. ಬೇರೇನಾದರೂ ಸಿಕ್ಕಿಹಾಕಿಕೊಂಡರೆ ಪೋರ್ಟ್‌ನೊಳಗಿನ ರೋಧಕಗಳು ಕರಕಲಾಗಬಹುದು. ಮನೆಯಲ್ಲಿ ಅಂಥದ್ದು ಬಿದ್ದಿದ್ದರೆ, ಅದರ ಮೇಲೆ ದೊಡ್ಡದಾಗಿ 24 ಎಂದು ಬರೆದು ಬೇರೆ ಕಡೆ ಇಡಿ. ಪೈಗೆ ಅದನ್ನು ಬಳಸಬೇಡಿ.

ನಿಮಗೆ ಬೇಕಾದದ್ದು ಇಷ್ಟು: ಮನೆಯಲ್ಲಿ ಒಂದು 802.3ಎಎಫ್ ಸ್ವಿಚ್ ಅಥವಾ ಒಂದೇ ಪೋರ್ಟ್‌ನ ಇಂಜೆಕ್ಟರ್ (ಒಂದು ಕೇಬಲ್‌ಗೆ ಮಾತ್ರ ಕರೆಂಟ್ ಸೇರಿಸುವ ಡಬ್ಬಿ). ಶೆಡ್ಡಿನಲ್ಲಿ 48 ವೋಲ್ಟನ್ನು 5ಕ್ಕೆ ಇಳಿಸುವ ಸಾಧನ. ಆ ಸಾಧನ ಎರಡು ರೂಪದಲ್ಲಿ ಸಿಗುತ್ತದೆ. ಪೈ ಮೇಲೆಯೇ ಕೂರುವ, ಪಿಒಇ ಹ್ಯಾಟ್ ಎಂಬ ಪುಟ್ಟ ಬೋರ್ಡ್ ಒಂದು. 2018ರ ಪೈ 3ಬಿ ಪ್ಲಸ್‌ನಿಂದ ಈಚೆಗೆ ಬೋರ್ಡಿನ ಮೇಲೆ ಅದಕ್ಕೆಂದೇ ನಾಲ್ಕು ಪಿನ್‌ಗಳಿವೆ. ಪೈ 5ರಲ್ಲಿ ಆ ಪಿನ್‌ಗಳ ಜಾಗ ಬದಲಾಗಿದೆ, ಪೈ 4ರ ಹ್ಯಾಟ್ ಅದಕ್ಕೆ ಕೂರುವುದಿಲ್ಲ. ಇನ್ನೊಂದು ಸ್ಪ್ಲಿಟರ್: ಒಂದು ಕಡೆ ಕೇಬಲ್ ಚುಚ್ಚಿದರೆ ಇನ್ನೊಂದು ಕಡೆಯಿಂದ ನೆಟ್‌ವರ್ಕ್ ತುದಿ ಮತ್ತು 5 ವೋಲ್ಟ್‌ನ ಯುಎಸ್‌ಬಿ ತುದಿ ಬೇರೆ ಬೇರೆಯಾಗಿ ಹೊರಬರುತ್ತವೆ. ನಿಮ್ಮ ಕೆಲಸಕ್ಕೆ ನಾನು ಸ್ಪ್ಲಿಟರ್ ಅನ್ನೇ ಹೇಳುತ್ತೇನೆ. ಪೈ 4 ಇರಲಿ, ಪಿಒಇ ಪಿನ್‌ಗಳೇ ಇಲ್ಲದ ಬೇರೆ ಕಂಪನಿಯ ಬೋರ್ಡ್ ಇರಲಿ, ಎಲ್ಲಕ್ಕೂ ಅದು ಹೊಂದುತ್ತದೆ. ಶೆಡ್ಡಿನ ತಗಡಿನ ಕೆಳಗೆ ಮುಚ್ಚಿದ ಪೆಟ್ಟಿಗೆಯಲ್ಲಿ, ಶಾಖ ಹೊರಡಿಸುವ ಇನ್ನೊಂದು ಹಲಗೆಯನ್ನು ಪೈ ತಲೆಯ ಮೇಲೆಯೇ ಕೂರಿಸುವುದೂ ತಪ್ಪುತ್ತದೆ. 80 ಡಿಗ್ರಿ ತಲುಪಿದರೆ ಪೈ 4 ತಾನಾಗಿ ವೇಗ ಇಳಿಸಿಕೊಳ್ಳುತ್ತದೆ. ಸ್ಪ್ಲಿಟರ್ ಕೊಳ್ಳುವಾಗ 5 ವೋಲ್ಟ್, ಕನಿಷ್ಠ 2.4 ಆಂಪಿಯರ್ ಎಂದಿರುವುದನ್ನು ನೋಡಿ. 12 ವೋಲ್ಟ್ ಹೊರಬಿಡುವ, ಸಿಸಿಟಿವಿ ಕ್ಯಾಮೆರಾಗಳಿಗೆಂದು ಮಾಡಿದ ಸ್ಪ್ಲಿಟರ್‌ಗಳೂ ನೋಡಲು ಥೇಟ್ ಹಾಗೆಯೇ ಇರುತ್ತವೆ. ಅದನ್ನು ಪೈಗೆ ಜೋಡಿಸಿದರೆ ಪೈ ಖಂಡಿತ ಉಳಿಯುವುದಿಲ್ಲ. ಪೈ 5 ಆದರೆ 802.3ಎಟಿ ಬೇಕು. ಆಗಲೂ ಹೆಚ್ಚಿನ ಸ್ಪ್ಲಿಟರ್‌ಗಳಲ್ಲಿ 5 ಆಂಪಿಯರ್ ಸಿಗುವುದಿಲ್ಲವೆಂದು ಅದು ಎಚ್ಚರಿಸಿ, ಯುಎಸ್‌ಬಿ ಪೋರ್ಟ್‌ಗಳಿಗೆಲ್ಲ ಸೇರಿ 600 ಮಿಲಿಆಂಪಿಯರ್ ಮಾತ್ರ ಬಿಡುತ್ತದೆ. ಮಳೆಮಾಪಕಕ್ಕೆ ಮತ್ತು ಪೈ ಕ್ಯಾಮೆರಾಗೆ ಅದೂ ಸಾಕು.

ಕೇಬಲ್ ಕೊಳ್ಳುವಾಗ ಒಂದು ತಂತಿಯ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ. ಬೆಳ್ಳಗೆ ಹೊಳೆದರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ರೋಧ ಒಂದೂವರೆ ಪಟ್ಟಿಗಿಂತ ಹೆಚ್ಚು, ಹಲವು ಬಾರಿ ಬಗ್ಗಿಸಿದರೆ ಬೇಗ ಮುರಿಯುತ್ತದೆ. ಬಿಸಿಲಿಗೆ ತಡೆಯುವ ಕಪ್ಪು ಹೊದಿಕೆಯ ಹೊರಾಂಗಣ ಕೇಬಲನ್ನೇ ಕೇಳಿ ಪಡೆಯಿರಿ.

ಪಿಒಇ ಬಗ್ಗೆ ನನಗೆ ಭಯವಿಲ್ಲ. ಭಯವಿರುವುದು ಸಿಡಿಲಿನದು. ಮಲೆನಾಡಿನಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಎಷ್ಟು ಮನೆಗಳ ಮೋಡೆಮ್ ಸತ್ತಿವೆ ಎಂಬುದು ನಿಮಗೇ ಗೊತ್ತು. ಎರಡು ಕಟ್ಟಡಗಳ ನಡುವೆ 40 ಮೀಟರ್ ತಾಮ್ರ ಎಳೆದರೆ, ಹತ್ತಿರದಲ್ಲೆಲ್ಲೋ ಬಿದ್ದ ಸಿಡಿಲಿಗೂ ಅದರಲ್ಲಿ ಸಾವಿರಾರು ವೋಲ್ಟ್ ಎದ್ದು ಬರಬಹುದು. ಆದ್ದರಿಂದ ಕೇಬಲನ್ನು ಅಡಿಕೆ ಮರದಿಂದ ಮರಕ್ಕೆ ತೂಗುಹಾಕಬೇಡಿ, ಪೈಪಿನೊಳಗೆ ಹಾಕಿ ನೆಲದಲ್ಲಿ ಹೂಳಿ. ಎರಡೂ ತುದಿಗೆ ಪಿಒಇಗೆ ಹೊಂದುವ ಸರ್ಜ್ ಪ್ರೊಟೆಕ್ಟರ್ ಹಾಕಿ, ಅದರ ಹಸಿರು ತಂತಿಯನ್ನು ನಿಜವಾದ ಅರ್ಥಿಂಗ್‌ಗೆ ಸೇರಿಸಿ. ಅರ್ಥಿಂಗ್ ಇಲ್ಲದ ಪ್ರೊಟೆಕ್ಟರ್ ಬರೀ ಒಂದು ಡಬ್ಬಿ. ಗುಡುಗು ಶುರುವಾಗುವ ಮೊದಲೇ ಮನೆ ಕಡೆಯ ತುದಿಯನ್ನು ಕಿತ್ತಿಡುವ ಹಳೆಯ ರೂಢಿಯನ್ನೂ ಬಿಡಬೇಡಿ. ಶೆಡ್ಡಿನಲ್ಲಿ ಈಗಾಗಲೇ ಕರೆಂಟ್ ಇದ್ದರೆ ನನ್ನ ಸಲಹೆಯೇ ಬೇರೆ: ಪಿಒಇ ಬಿಟ್ಟು ಫೈಬರ್ ಎಳೆಯಿರಿ. ಗಾಜಿನ ಎಳೆಯಲ್ಲಿ ಸಿಡಿಲಿನ ವಿದ್ಯುತ್ ಹರಿಯುವುದಿಲ್ಲ.

ಕರೆಂಟ್ ಇಲ್ಲದ ಶೆಡ್ಡಿಗಾದರೆ ಪಿಒಇಯ ಇನ್ನೊಂದು ಲಾಭವೂ ನಿಮ್ಮದಾಗುತ್ತದೆ. ಮನೆಯ ಸ್ವಿಚ್ ಮತ್ತು ರೂಟರನ್ನು ಒಂದು ಸಣ್ಣ ಯುಪಿಎಸ್‌ಗೆ ಹಾಕಿದರೆ ಪೈ ಕೂಡ ತಾನಾಗಿ ಅದರ ಆಸರೆಗೆ ಬರುತ್ತದೆ. ಕರೆಂಟ್ ಹೋದ ಹೊತ್ತಿನ ಮಳೆಯ ಲೆಕ್ಕವೂ ತಪ್ಪುವುದಿಲ್ಲ. ಪೋರ್ಟ್‌ಗಳನ್ನು ನಿಯಂತ್ರಿಸಬಹುದಾದ ಸ್ವಿಚ್ ಕೊಂಡರೆ, ಪೈ ಸ್ತಬ್ಧವಾದಾಗ ಮಳೆಯಲ್ಲಿ ಶೆಡ್ಡಿಗೆ ಓಡುವ ಬದಲು ಇಲ್ಲಿಂದಲೇ ಆ ಪೋರ್ಟ್ ಆರಿಸಿ ಹಚ್ಚಬಹುದು. ಪೈ ಸರಿಯಾಗಿ ನಡೆಯುತ್ತಿರುವಾಗ ಮಾತ್ರ ಹಾಗೆ ಮಾಡಬೇಡಿ, ಮೆಮೊರಿ ಕಾರ್ಡ್ ಕೆಡುತ್ತದೆ. ಮೊದಲು ಶಟ್‌ಡೌನ್ ಮಾಡಿಯೇ ಆರಿಸಿ.

ಕೇಬಲ್ ಹೂಳುವ ಮೊದಲು ಪೂರ್ತಿ ಸುರುಳಿಯನ್ನು ಜಗಲಿಯ ಮೇಲೆಯೇ ಇಟ್ಟು, ಎರಡು ತುದಿಗೂ ಎಲ್ಲವನ್ನೂ ಜೋಡಿಸಿ, ಕ್ಯಾಮೆರಾ ಚಾಲೂ ಮಾಡಿ ಒಂದು ದಿನ ಓಡಿಸಿ. ಪೈಯ 40 ಪಿನ್‌ಗಳ ಸಾಲಿನಲ್ಲಿ ಎರಡನೇ ಪಿನ್ 5 ವೋಲ್ಟ್, ಆರನೆಯದು ಗ್ರೌಂಡ್. ಮಲ್ಟಿಮೀಟರ್‌ನ ಎರಡು ಮೊನೆಗಳನ್ನು ಅಕ್ಕಪಕ್ಕದ ಪಿನ್‌ಗೆ ತಾಗದಂತೆ ಅಲ್ಲಿ ಒತ್ತಿ ಹಿಡಿಯಿರಿ. ಕ್ಯಾಮೆರಾ ನಡೆಯುತ್ತಿರುವಾಗಲೂ ಮೀಟರ್ 4.9ಕ್ಕಿಂತ ಮೇಲೆ ನಿಂತಿದ್ದರೆ ಗುದ್ದಲಿ ತೆಗೆದುಕೊಳ್ಳಬಹುದು.