ಫೈರ್‌ಬಾಲ್ ಕಡಿತಗೊಳಿಸುವ ಮುನ್ನ: ಮಂತ್ರಗಳ ಸಮತೋಲನದ ಬಗ್ಗೆ ಟಿಪ್ಪಣಿ

ದಾಳ ಉರುಳಿಸುತ್ತ ಕಥೆಯ ಪಾತ್ರಗಳಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಆಡಿಸಲು ಕಲಿಯುತ್ತಿರುವವರ (ಆಡಿಸುವವರೇ ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ) ಮೊದಲ ದೂರು ಸಾಮಾನ್ಯವಾಗಿ ಫೈರ್‌ಬಾಲ್ ಎಂಬ ಬೆಂಕಿಯುಂಡೆ ಮಂತ್ರದ ಮೇಲೆಯೇ ಇರುತ್ತದೆ. ವಿಜರ್ಡ್ (ಮಾಂತ್ರಿಕ ಪಾತ್ರ) ಐದನೇ ಲೆವೆಲ್ ಮುಟ್ಟಿದ್ದೇ ತಡ, ಒಂದೇ ಮಂತ್ರಕ್ಕೆ ಶತ್ರುಗಳ ಗುಂಪು ಸುಟ್ಟು ಬೀಳುತ್ತದೆ. ಕತ್ತಿ ಹಿರಿದ ಫೈಟರ್ ಸುಮ್ಮನೆ ನಿಂತಿರುತ್ತಾನೆ. ಮಂತ್ರದ ಹಾನಿಗೆ ಉರುಳಿಸುವ ದಾಳಗಳ ಸಂಖ್ಯೆ ಇಳಿಸಿಬಿಡೋಣ ಎಂದು ಡಿಎಂಗೆ ಅನಿಸುತ್ತದೆ. ದೂರು ಪೂರ್ತಿ ಸುಳ್ಳಲ್ಲ. ಹಲವರಿಗೆ ಒಟ್ಟಿಗೆ ತಗಲುವ ಮೂರನೇ ಹಂತದ ಮಂತ್ರಕ್ಕೆ (ಹಂತ ಮಂತ್ರದ ದರ್ಜೆ, ಲೆವೆಲ್ ಪಾತ್ರದ್ದು) 6ಡಿ6, ಅಂದರೆ ಆರು ಮುಖದ ಆರು ದಾಳಗಳ ಮೊತ್ತದಷ್ಟು, ಹಾನಿ ಇರಲಿ ಎಂದು 2014ರ ಐದನೇ ಆವೃತ್ತಿಯ ಡಿಎಂ ಕೈಪಿಡಿ ಹೇಳುತ್ತದೆ; ಅದೇ ಆವೃತ್ತಿಯ ಫೈರ್‌ಬಾಲ್ 8ಡಿ6. ಸರಾಸರಿ 21 ಇರಬೇಕಾದಲ್ಲಿ 28. ಆದರೂ ದಾಳ ಮುಟ್ಟುವ ಮುನ್ನ ಕಾಗದ, ಪೆನ್ನು ತೆಗೆದುಕೊಳ್ಳಿ.

ಶತ್ರುಗಳ ಆರ್ಮರ್ ಕ್ಲಾಸ್, ಅಂದರೆ ಏಟು ತಗಲಲು ಮುಟ್ಟಬೇಕಾದ ಸಂಖ್ಯೆ, 15 ಎಂದುಕೊಳ್ಳಿ. ನಮ್ಮ ಫೈಟರ್ ಮತ್ತು ವಿಜರ್ಡ್ ಇಬ್ಬರೂ ಐದನೇ ಲೆವೆಲ್‌ನವರು, ಇಬ್ಬರಿಗೂ ದಾಳಿಯ ಬೋನಸ್ +7. ಅಂದರೆ ಇಪ್ಪತ್ತು ಮುಖದ ದಾಳದಲ್ಲಿ 8 ಅಥವಾ ಹೆಚ್ಚು ಬಿದ್ದರೆ ಏಟು ತಗಲುತ್ತದೆ, ನೂರಕ್ಕೆ 65 ಸಲ. ಲಾಂಗ್‌ಸ್ವೋರ್ಡ್ ಮತ್ತು ಡ್ಯುಯೆಲಿಂಗ್ ಶೈಲಿಯ ಫೈಟರ್‌ನ ಒಂದು ಏಟಿಗೆ ಸರಾಸರಿ 10.5 ಹಾನಿ. ಸುತ್ತಿಗೆ ಎರಡು ಏಟು, ತಪ್ಪಿದವನ್ನೂ ಲೆಕ್ಕ ಹಿಡಿದರೆ 13.65. ದಾಳದಲ್ಲಿ 20 ಬಿದ್ದಾಗಿನ ಕ್ರಿಟಿಕಲ್ ಹೊಡೆತಗಳನ್ನು ಇಬ್ಬರ ಲೆಕ್ಕದಿಂದಲೂ ಬಿಟ್ಟಿದ್ದೇನೆ. ಇನ್ನು ಫೈರ್‌ಬಾಲ್: ಮೂವರಿಗೆ ತಗಲಿತು, ಸೇವಿಂಗ್ ಥ್ರೋದಲ್ಲಿ (ತಪ್ಪಿಸಿಕೊಳ್ಳಲು ಎಸೆಯುವ ದಾಳ) ಅರ್ಧದಷ್ಟು ಸಲ ಗೆದ್ದು ಅರ್ಧ ಹಾನಿಯಲ್ಲೇ ಪಾರಾದರು ಎಂದುಕೊಂಡರೆ ಒಟ್ಟು 63. ಎರಡನೇ ಹಂತದ ಸ್ಕಾರ್ಚಿಂಗ್ ರೇ ಪ್ರಯೋಗಿಸಿದರೆ ಸಿಗುವುದು 13.65, ದಶಮಾಂಶವೂ ಬದಲಾಗದಂತೆ ಫೈಟರ್‌ನ ಒಂದು ಸುತ್ತಿನಷ್ಟು. ಸ್ಲಾಟ್ (ದಿನಕ್ಕೆ ಇಷ್ಟೇ ಎಂದು ಸಿಗುವ ಮಂತ್ರಪ್ರಯೋಗದ ಅವಕಾಶ) ಖರ್ಚಿಲ್ಲದ ಫೈರ್ ಬೋಲ್ಟ್ ಮಂತ್ರಕ್ಕೆ 7.15.

ದಿನಕ್ಕೆ ಒಂದೇ ಕಾಳಗ, ನಾಲ್ಕು ಸುತ್ತು ಎಂದಾದರೆ ವಿಜರ್ಡ್ ಎರಡು ಫೈರ್‌ಬಾಲ್, ಎರಡು ಸ್ಕಾರ್ಚಿಂಗ್ ರೇ ಖರ್ಚು ಮಾಡಿ ಸುಮಾರು 153 ಹಾನಿ ಮಾಡುತ್ತಾನೆ. ಫೈಟರ್, ಒಂದು ಸುತ್ತಿನಷ್ಟು ಹೆಚ್ಚುವರಿ ಏಟು ಕೊಡುವ ಆ್ಯಕ್ಷನ್ ಸರ್ಜ್ ಸೇರಿಸಿಯೂ, 68. ಈಗ ಅದೇ ದಿನಕ್ಕೆ ಆರು ಕಾಳಗ ಇಡಿ, ನಡುವೆ ಎರಡು ಸಣ್ಣ ವಿಶ್ರಾಂತಿ. ವಿಜರ್ಡ್‌ಗೆ ಆರ್ಕೇನ್ ರಿಕವರಿ ಎಂಬ ಸಾಮರ್ಥ್ಯದಿಂದ ಇನ್ನೊಂದು ಮೂರನೇ ಹಂತದ ಸ್ಲಾಟ್ ಮರಳಿ ಸಿಗುತ್ತದೆ: ಮೂರು ಫೈರ್‌ಬಾಲ್, ಮೂರು ಸ್ಕಾರ್ಚಿಂಗ್ ರೇ, ಉಳಿದ 18 ಸುತ್ತು ಬರೀ ಫೈರ್ ಬೋಲ್ಟ್. ಮೊದಲ ಹಂತದ ನಾಲ್ಕು ಸ್ಲಾಟ್ ಶೀಲ್ಡ್ ಮಂತ್ರಕ್ಕೆ ಮೀಸಲಿರಲಿ. ಒಟ್ಟು ಸುಮಾರು 359. ಫೈಟರ್ 24 ಸುತ್ತು ಹೊಡೆದು, ವಿಶ್ರಾಂತಿಯಾದಾಗಲೆಲ್ಲ ಮರಳುವ ಆ್ಯಕ್ಷನ್ ಸರ್ಜ್ ಮೂರು ಸಲ ಬಳಸಿ, 369.

ಮಂತ್ರದ ಒಂದಕ್ಷರವನ್ನೂ ನಾವು ಬದಲಿಸಲಿಲ್ಲ. ದಿನದ ಉದ್ದವನ್ನಷ್ಟೇ ಬದಲಿಸಿದೆವು. 2014ರ ಕೈಪಿಡಿ ದಿನಕ್ಕೆ ಆರರಿಂದ ಎಂಟು ಮಧ್ಯಮ ಅಥವಾ ಕಠಿಣ ಕಾಳಗಗಳನ್ನು ಲೆಕ್ಕಕ್ಕೆ ಹಿಡಿದಿತ್ತು. ಹಾಗೆ ಆಡಿಸುವವರು ಎಷ್ಟು ಮಂದಿ? ಮೂರು ಗಂಟೆಯ ಆಟದಲ್ಲಿ ಒಂದು ಕಾಳಗ ಮುಗಿಸುವುದೇ ಕಷ್ಟ, ಅದು ಮುಗಿದೊಡನೆ ಪಾತ್ರಗಳು ಹಾಸಿಗೆ ಬಿಚ್ಚಿ, ಮಲಗೆದ್ದು ಖರ್ಚಾದ ಸ್ಲಾಟ್‌ಗಳನ್ನೆಲ್ಲ ಮರಳಿ ಪಡೆಯುತ್ತವೆ. ಲಿಯೋಮಂಡ್ಸ್ ಟೈನಿ ಹಟ್ ಕಲಿತ ವಿಜರ್ಡ್ ಅದನ್ನು ರಿಚುವಲ್ ಆಗಿ, ಸ್ಲಾಟ್ ಖರ್ಚಿಲ್ಲದೆ, ಪ್ರಯೋಗಿಸಿ ಎಂಟು ಗಂಟೆಯ ಸುರಕ್ಷಿತ ಗುಮ್ಮಟ ಕಟ್ಟಿಬಿಡುತ್ತಾನೆ. ನನ್ನ ಅಭಿಪ್ರಾಯದಲ್ಲಿ ಮೊದಲು ತಿದ್ದಬೇಕಾದುದು ವಿಶ್ರಾಂತಿಯ ಈ ಅಭ್ಯಾಸವನ್ನು. ಅದೇ ಕೈಪಿಡಿಯಲ್ಲಿ ಸಣ್ಣ ವಿಶ್ರಾಂತಿಗೆ 8 ಗಂಟೆ, ದೊಡ್ಡದಕ್ಕೆ 7 ದಿನ ಎಂಬ ಐಚ್ಛಿಕ ನಿಯಮವಿದೆ. ವಾರಕ್ಕೊಂದು ಕಾಳಗ ನಡೆಯುವ ರಾಜಕೀಯ ಕಥೆಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ, ನೆಲಮಾಳಿಗೆ ಹೊಕ್ಕು ಆಡುವವರಿಗೆ ಬೇಡ. ಅಲ್ಲಿ ಗಡುವು ಸಾಕು: ಬೆಳಗಾಗುವುದರೊಳಗೆ ಬಲಿ ನಡೆಯುತ್ತದೆ ಎಂದರೆ ಯಾರೂ ಮಲಗುವುದಿಲ್ಲ.

ಹಳೆಯ ಆವೃತ್ತಿಗಳನ್ನು ಒಮ್ಮೆ ನೋಡುವುದು ಒಳ್ಳೆಯದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಆಟ ಹೊರತಂದಾಗ, ಕಂಠಪಾಠ ಮಾಡಿದ ಮಂತ್ರ ಒಮ್ಮೆ ಪ್ರಯೋಗಿಸಿದರೆ ಮನಸ್ಸಿನಿಂದ ಅಳಿಸಿಹೋಗುವ ಕಲ್ಪನೆಯನ್ನು ಲೇಖಕ ಜ್ಯಾಕ್ ವ್ಯಾನ್ಸ್ ಕಥೆಗಳಿಂದ ಎತ್ತಿಕೊಂಡಿದ್ದರು. 1978ರ ಅಡ್ವಾನ್ಸ್ಡ್ ಆವೃತ್ತಿಯಲ್ಲಿ ಮೊದಲ ಲೆವೆಲ್‌ನ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ, ಪ್ರಾಣಕ್ಕೆ (ಹಿಟ್ ಪಾಯಿಂಟ್‌ಗಳಿಗೆ) ನಾಲ್ಕು ಮುಖದ ದಾಳ. ಮಂತ್ರ ಹೇಳುತ್ತಿರುವಾಗ ಏಟು ಬಿದ್ದರೆ ಅದು ವ್ಯರ್ಥ. ಬದುಕಿ ಉಳಿದರೆ ಮುಂದೆ ಅವನದೇ ರಾಜ್ಯ. ಆರಂಭದ ಕಷ್ಟಕ್ಕೆ ಕೊನೆಯ ಸುಖ ಎಂಬ ಈ ಸಮತೋಲನ ನನಗೆ ಒಪ್ಪಿಗೆಯಿಲ್ಲ. ಬಹಳಷ್ಟು ಆಟಗಳು ಆ ಕೊನೆಯನ್ನು ಮುಟ್ಟುವುದೇ ಇಲ್ಲ. 2000ದ ಮೂರನೇ ಆವೃತ್ತಿ ಎಂಜಿನ್ ಹಾಗೆಯೇ ಇಟ್ಟುಕೊಂಡು ಬ್ರೇಕುಗಳನ್ನು ಬಿಚ್ಚಿತು. ಎಚ್ಚರಿಕೆಯಿಂದ ಮಂತ್ರ ಪ್ರಯೋಗಿಸಿದರೆ ಪಕ್ಕದ ಶತ್ರುವಿನ ಏಟು ತಪ್ಪುವಂತಾಯಿತು, 50 ಸಲ ಬಳಸಬಹುದಾದ ಮಂತ್ರದಂಡಗಳನ್ನು ಹಣ ಕೊಟ್ಟು ಕೊಳ್ಳುವಂತಾಯಿತು. 2008ರ ನಾಲ್ಕನೆಯದು ಎಲ್ಲ ವರ್ಗಗಳಿಗೂ ಒಂದೇ ಚೌಕಟ್ಟು ಕೊಟ್ಟು ಲೆಕ್ಕ ಸರಿಮಾಡಿತು, ರುಚಿ ಕೆಡಿಸಿತು ಎಂದು ಹಲವರು ಗೊಣಗಿದರು.

ಐದನೆಯದರ ಜಾಣತನ ಇರುವುದು ಕಾನ್ಸನ್‌ಟ್ರೇಶನ್ (ಏಕಾಗ್ರತೆ) ನಿಯಮದಲ್ಲಿ. ಹಾರುವುದು, ಅದೃಶ್ಯವಾಗುವುದು, ಶತ್ರುವನ್ನು ಸ್ತಂಭಿಸುವುದು, ಈ ಮೂರರಲ್ಲಿ ಒಬ್ಬ ಮಾಂತ್ರಿಕ ಒಂದು ಹೊತ್ತಿಗೆ ಒಂದನ್ನಷ್ಟೇ ಹಿಡಿದಿಡಬಲ್ಲ. ಏಟು ಬಿದ್ದಾಗ ಕಾನ್ಸ್ಟಿಟ್ಯೂಶನ್ (ಮೈಕಸುವಿನ) ಸೇವಿಂಗ್ ಥ್ರೋ, ಸೋತರೆ ಮಂತ್ರ ಕೈಬಿಡುತ್ತದೆ. ಮುಟ್ಟಬೇಕಾದ ಸಂಖ್ಯೆ 10 ಅಥವಾ ಬಿದ್ದ ಹಾನಿಯ ಅರ್ಧ, ಯಾವುದು ಹೆಚ್ಚೋ ಅದು. ಹಾಗಾಗಿ ವಿಜರ್ಡ್‌ನ ಮುಂದೆ ಅಡ್ಡ ನಿಲ್ಲುವ ಫೈಟರ್‌ಗೆ ಕೆಲಸ ಸಿಗುತ್ತದೆ. ಇಲ್ಲಿ ಡಿಎಂ ಮೃದುವಾದರೆ ನಿಯಮ ಸತ್ತಂತೆ. ಮೂರು ಬಿಲ್ಲುಗಾರರಿದ್ದೂ ಯಾರೂ ವಿಜರ್ಡ್‌ನತ್ತ ಗುರಿಯಿಡದಿದ್ದರೆ ಆ ದಿನ ಮಂತ್ರ ಪುಕ್ಕಟೆ.

ಹಾನಿ ಮಾಡದ ಮಂತ್ರಗಳ ಮೇಲೆ ಹೆಚ್ಚು ಕಣ್ಣಿಡಿ. ಅದೇ ಮೂರನೇ ಹಂತದ ಹಿಪ್ನಾಟಿಕ್ ಪ್ಯಾಟರ್ನ್ ತಾಗಿದವರು ಎಷ್ಟೇ ಹಿಟ್ ಪಾಯಿಂಟ್ ಇದ್ದರೂ ನಿಂತಲ್ಲೇ ನಿಷ್ಕ್ರಿಯರಾಗುತ್ತಾರೆ. ಹನ್ನೊಂದನೇ ಲೆವೆಲ್‌ನಲ್ಲಿ 28 ಹಾನಿ ಚಿಲ್ಲರೆ, ಇದು ಮಾತ್ರ ಸವೆಯುವುದಿಲ್ಲ. ನಾಕ್ ಮಂತ್ರವನ್ನು ನೋಡಿ: ಬೀಗ ತೆರೆಯುತ್ತದೆ, ಆದರೆ ಸದ್ದು 300 ಅಡಿಯವರೆಗೆ ಕೇಳುತ್ತದೆ. ಸದ್ದಿಲ್ಲದೆ ತೆರೆಯಲು ರೋಗ್ (ಕಳ್ಳವಿದ್ಯೆ ಬಲ್ಲ ಪಾತ್ರ) ಬೇಕೇ ಬೇಕು. ಇನ್ನೊಬ್ಬರ ಕೆಲಸ ಕಸಿಯುವ ಮಂತ್ರಕ್ಕೆ ಹಾಕಿದ ಇಷ್ಟು ಚೊಕ್ಕ ಕಡಿವಾಣ ಬೇರೆ ಕಡೆ ಅಪರೂಪ. ಗುಡ್‌ಬೆರಿಗೆ ಅಂಥದ್ದೇನೂ ಇಲ್ಲ. ಮೊದಲ ಹಂತದ ಒಂದು ಸ್ಲಾಟ್‌ಗೆ ಹತ್ತು ಹಣ್ಣು, ಒಂದು ಹಣ್ಣು ಒಬ್ಬರ ದಿನದ ಊಟ. ಮರುಭೂಮಿಯಲ್ಲಿ ಹಸಿವಿನ ಕಥೆ ಹೇಳಬೇಕೆಂದಿದ್ದರೆ ಆಟ ಶುರುವಾಗುವ ಮೊದಲೇ ಆಟಗಾರರ ಒಪ್ಪಿಗೆ ಪಡೆದು ಅದನ್ನು ಪಟ್ಟಿಯಿಂದ ತೆಗೆಯಿರಿ.

ಅಭ್ಯಾಸಕ್ಕೆ ಒಂದು ಹೊಸ ಮಂತ್ರ ಬರೆಯೋಣ. ಹೆಸರು ಕೆಸರುಗಾಲು, ಎರಡನೇ ಹಂತ: 20 ಅಡಿ ಅಗಲದ ನೆಲ ಒಂದು ನಿಮಿಷ ಕೆಸರಾಗುತ್ತದೆ, ಅಲ್ಲಿ ನಡೆಯುವವರ ವೇಗ ಅರ್ಧ. ಇದಕ್ಕೆ ಹತ್ತಿರದ ಎರಡು ಮಂತ್ರಗಳಿವೆ. ಮೊದಲ ಹಂತದ ಗ್ರೀಸ್ 10 ಅಡಿ ಚೌಕದಲ್ಲಿ ನಡಿಗೆ ಕಷ್ಟವಾಗಿಸಿ, ಜನರನ್ನು ಜಾರಿಸಿಯೂ ಬೀಳಿಸುತ್ತದೆ, ಕಾನ್ಸನ್‌ಟ್ರೇಶನ್ ಬೇಡ. ಎರಡನೇ ಹಂತದ ವೆಬ್ 20 ಅಡಿಯ ಘನದಲ್ಲಿ ಕಟ್ಟಿಹಾಕುತ್ತದೆ, ಕಾನ್ಸನ್‌ಟ್ರೇಶನ್ ಬೇಕು, ಬೆಂಕಿ ತಗಲಿದರೆ ಬಲೆ ಉರಿದುಹೋಗುತ್ತದೆ. ನಮ್ಮ ಕೆಸರು ನಿಧಾನಿಸುವುದಷ್ಟೇ ಆದರೆ ಕಾನ್ಸನ್‌ಟ್ರೇಶನ್ ಕೇಳಬೇಕಿಲ್ಲ. ಸಿಕ್ಕವರು ಅಲ್ಲೇ ಹೂತುಕೊಳ್ಳುತ್ತಾರೆ ಎಂಬ ಸಾಲು ಸೇರಿಸಿದರೆ ಕೇಳಲೇಬೇಕು. ಜೊತೆಗೆ ಬೆಂಕಿಗೆ ಹೆದರುವ ಬಲೆಗಿಂತ ಕೆಸರು ಗಟ್ಟಿಯಾದ್ದರಿಂದ, ಒಂದು ಗಂಟೆ ಬಾಳುವ ವೆಬ್‌ನಂತಲ್ಲದೆ ಅದನ್ನು ಒಂದೇ ನಿಮಿಷಕ್ಕೆ ನಿಲ್ಲಿಸಿ.